ಮಾರಿದ ಗಾಡಿ, ಉಳಿದ ಹೆಸರು

ಸಂಗೊಳ್ಳಿಯ ಬಸಯ್ಯನ ಹತ್ತಿರ ನೂರು ಸಿಸಿಯ ಹಳೆಯ ಬೈಕ್ ಒಂದಿತ್ತು. ಹದಿಮೂರು ವರ್ಷ ದುಡಿದ ಗಾಡಿ. ಬೈಲಹೊಂಗಲದಲ್ಲಿ ಅವನದು ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ಮೋಟಾರುಗಳನ್ನು ಹಳ್ಳಿಗಳಿಂದ ಆ ಗಾಡಿಯ ಹಿಂದೆಯೇ ಹಗ್ಗ ಹಾಕಿ ಬಿಗಿದು ತರುತ್ತಿದ್ದ. ಹಗ್ಗ ಜಾರದಿರಲೆಂದು ಸೀಟಿನ ಹಿಂದೆ ಎರಡು ಕಬ್ಬಿಣದ ಕೊಂಡಿಗಳನ್ನು ತಾನೇ ಬೆಸೆದುಕೊಂಡಿದ್ದ. ಹೆಂಡತಿ ಅನ್ನಪೂರ್ಣಾ ಆ ಗಾಡಿಯಲ್ಲಿ ಕಿತ್ತೂರಿಗೆ ಹೋಗಿ ಬಂದರೆ ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಬೇಕಿತ್ತು.

ನಲವತ್ತೆಂಟು ದಾಟಿದರೂ ಬಸಯ್ಯ ಸಮುದ್ರ ಕಂಡಿರಲಿಲ್ಲ. ಮಗಳು ಸಪ್ನಾಳ ಮದುವೆ ಮುಗಿದ ಮೇಲೆ ಆ ಆಸೆ ತಲೆಯಲ್ಲಿ ಕೂತುಬಿಟ್ಟಿತು. ಒಂದು ದೊಡ್ಡ ಟೂರಿಂಗ್ ಗಾಡಿ ತಗೊಳ್ಳಬೇಕು, ಇಬ್ಬರೇ ಘಟ್ಟ ಇಳಿಯಬೇಕು. ದೀಪಾವಳಿ ಕಳೆದ ವಾರ ಹಳೆ ಗಾಡಿಗಳ ವ್ಯಾಪಾರ ಮಾಡುವ ಸಚಿನ ಫೋನ್ ಮಾಡಿದ. ನಾನೂರು ಸಿಸಿಯ ಗಾಡಿ ಬಂದಿದೆ, ಮೂರು ವರ್ಷ ಓಡಿದ್ದು, ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ ಇದೆ, ಸಣ್ಣ ಗಾಡಿ ಕೊಟ್ಟು ಮೇಲೆ ಸ್ವಲ್ಪ ಹಾಕಿದರೆ ಸಾಕು ಎಂದ. ಬಸಯ್ಯ ಅವತ್ತು ಊಟಕ್ಕೂ ಕೂಡಲಿಲ್ಲ, ನೇರ ಹೋದ.

ದೊಡ್ಡ ಗಾಡಿಯ ಕಾಗದಪತ್ರಗಳನ್ನು ಅವನು ಬಿಡದೆ ಮಾಡಿಸಿದ. ತನ್ನ ಹೆಸರಿಗೆ ಆಗುವ ತನಕ ಆರ್‌ಟಿಒ ಕಚೇರಿಗೆ ಮೂರು ಸಲ ಅಲೆದ. ಹಳೆಯ ಗಾಡಿಗೆ ಮಾತ್ರ ಹೆಸರು ವರ್ಗಾಯಿಸುವ ಎರಡು ಫಾರ್ಮಿಗೆ ಸಹಿ ಹಾಕಿ, ಕೀಲಿ ಕೊಟ್ಟು, ಕೈತೊಳೆದುಕೊಂಡು ಬಂದ.

ಮರುವಾರ ಅವರ ಮನೆಯಲ್ಲಿ ಮಹಿಳಾ ಸಂಘದ ಸಭೆ ಇತ್ತು. ಬಂದವರೆಲ್ಲ ಮೊದಲು ಅಂಗಳದ ಗಾಡಿ ನೋಡಿದರು. ಸಂಘದ ಶೈಲಜಾ ಬೈಲಹೊಂಗಲದ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುವವಳು. ಗಾಡಿಗೆ ಒಂದು ಸುತ್ತು ಹಾಕಿ ಬಂದು ಕೇಳಿದಳು.

"ಗಾಡಿ ಚೊಲೊ ಐತ್ರಿ ಅಣ್ಣಾರ. ಹೆಸರು ಬದಲಾತೇನ್ರಿ?"

"ಆತವಾ. ನಿನ್ನೆನ ಕಾರ್ಡ್ ಬಂತು. ತೋರಸ್ಲೇನು?"

"ಇದರದಲ್ರಿ. ಹಳೇ ಗಾಡೀದು ಕೇಳಾಕತ್ತೇನಿ."

ಬಸಯ್ಯ ನಕ್ಕ. "ಅದನ್ನ ಮಾರೇನಲ್ಲ. ಮಾರಿದ ಎಮ್ಮಿ ಯಾರ ಮನ್ಯಾಗ ಹಿಂಡತೈತಿ ಅಂತ ನಾ ಯಾಕ ನೋಡಾಕ ಹೋಗಲಿ?"

"ಎಮ್ಮಿಗೆ ನಂಬರ್ ಪ್ಲೇಟ್ ಇರಂಗಿಲ್ರಿ," ಅಂದಳು ಶೈಲಜಾ. "ಗಾಡಿ ಯಾರರ ಹೊಡೀಲಿ, ಆರ್‌ಸಿಯೊಳಗ ಯಾರ ಹೆಸರು ಐತಿ, ಅವರೇ ಮಾಲೀಕರು. ಕೋರ್ಟಿನ್ಯಾಗ ಅದನ್ನ ಕೇಳತಾರ. ನಮ್ಮ ಆಫೀಸಿಗೆ ಇಂಥಾವು ಬರತಾವ್ರಿ. ಫಾರ್ಮಿನ್ಯಾಗ ತಗೊಂಡವರ ಹೆಸರು ಬರದಿತ್ತೇನು?"

"ಎಲ್ಲಿ ಬರೀತಿ. ಅವ ಯಾರಿಗೆ ಮಾರತಾನೋ ಅವರ ಹೆಸರು ತುಂಬತಾನ."

"ಅಂದ್ರ ಖಾಲಿ ಫಾರ್ಮಿಗೆ ಸಹಿ ಹಾಕೀರಿ."

"ಸಚಿನ ನಮ್ಮವನ ಬಿಡವಾ. ಅವರಪ್ಪ, ನಾ ಒಂದ ಸಾಲ್ಯಾಗ ಕಲತವರು."

ಶೈಲಜಾ ಅಲ್ಲೇ ಮೊಬೈಲಿನಲ್ಲಿ ಸಾರಿಗೆ ಇಲಾಖೆಯ ಆ್ಯಪ್ ತೆಗೆದು ಹಳೆಯ ಗಾಡಿಯ ನಂಬರು ಹಾಕಿದಳು. ಹೆಸರು ಬದಲಾಗಿರಲಿಲ್ಲ. ಗಾಡಿಯ ವಿಮೆಯೂ ಮುಂದಿನ ತಿಂಗಳು ಮುಗಿಯುವುದಿತ್ತು. ಅದನ್ನು ತೋರಿಸಿದಾಗ ಬಸಯ್ಯನಿಗೆ ಎಲ್ಲರೆದುರು ಮುಜುಗರವಾಯಿತು. ಸಚಿನನಿಗೆ ಫೋನ್ ಹಚ್ಚಿದ.

"ಹತ್ತು ದಿನದಾಗ ಆಕ್ಕೈತಿ ಕಾಕಾ, ನೀವು ಕಾಳಜಿ ಬಿಡ್ರಿ," ಅಂದ ಸಚಿನ.

"ಕೇಳಿದೇನು?" ಎಂದು ಬಸಯ್ಯ ಫೋನ್ ಕಿಸೆಗೆ ಹಾಕಿಕೊಂಡ.

ಹತ್ತು ದಿನ ಹೋಗಿ ಎರಡು ತಿಂಗಳಾಯಿತು. ಸಂಕ್ರಾಂತಿ ಮುಗಿಸಿಕೊಂಡು ಗಂಡ ಹೆಂಡತಿ ಹೊರಟರು. ಯಲ್ಲಾಪುರ ದಾಟಿ ಘಟ್ಟ ಇಳಿದು ಕಾರವಾರ ಮುಟ್ಟುವ ತನಕ ಅನ್ನಪೂರ್ಣಾ ಒಮ್ಮೆಯೂ ಸೊಂಟ ಎನ್ನಲಿಲ್ಲ. ಸಮುದ್ರದಲ್ಲಿ ಮೊಣಕಾಲ ತನಕ ನಿಂತು, "ಇಷ್ಟು ನೀರು ಇಟ್ಟಕೊಂಡು ಇವರು ಏನ ಮಾಡತಾರ್ರಿ?" ಎಂದು ಕೇಳಿದಳು. ಬಸಯ್ಯ ಆ ಮಾತನ್ನು ಊರಿಗೆ ಬಂದು ಹತ್ತು ಮಂದಿಗೆ ಹೇಳಿ ನಕ್ಕ. ಅವರ ಬದುಕಿನಲ್ಲೇ ಅಷ್ಟು ಸುಖದ ಮೂರು ದಿನ ಬೇರೆ ಇರಲಿಲ್ಲ.

ಬಂದ ಮೇಲೆ ಅನ್ನಪೂರ್ಣಾ ಇನ್ನೊಮ್ಮೆ ನೆನಪು ಮಾಡಿದಳು. "ಶೈಲಜಾ ಮತ್ತ ಕೇಳಿದ್ಲು. ಹಳೇ ಗಾಡೀದು ಏನಾತಂತ ಒಂದು ಸಲ ಹೋಗಿ ನೋಡಿ ಬರ್ರಿ."

"ವಕೀಲರ ಕೈಯಾಗ ಕೆಲಸ ಮಾಡಿ ಆಕಿಗೆ ಎಲ್ಲಾರ ಮ್ಯಾಲೂ ಸಂಶಯ," ಎಂದ ಬಸಯ್ಯ. ಸಚಿನನ ಅಂಗಡಿ ಅವನ ಅಂಗಡಿಯಿಂದ ಎರಡು ಓಣಿ ಆಚೆಗಿತ್ತು. ಅವನು ಹೋಗಲಿಲ್ಲ.

ಮಾರ್ಚ್ ತಿಂಗಳ ಒಂದು ಬುಧವಾರ ಮಧ್ಯಾಹ್ನ ಇಬ್ಬರು ಪೊಲೀಸರು ಅಂಗಡಿಗೆ ಬಂದರು. ಬಸಯ್ಯ ಮೋಟಾರೊಂದನ್ನು ಬಿಚ್ಚಿಕೊಂಡು ಕೂತಿದ್ದ. ಒಬ್ಬ ಪೊಲೀಸ್ ಚೀಟಿ ನೋಡಿ ನಂಬರು ಓದಿದ.

"ಈ ಗಾಡಿ ನಿಮ್ದೇನು?"

"ಹೌದ್ರಿ... ಅಲ್ರಿ. ಮಾರೇನ್ರಿ."

"ಯಾರಿಗೆ?"

"ಸಚಿನ ಅಂತ ಅದಾನ್ರಿ, ಗಾಡಿ ವ್ಯಾಪಾರ ಮಾಡತಾನ."

"ಕೊಟ್ಟಿದ್ದಕ್ಕ ಕಾಗದ ಏನೈತಿ?"

ಬಸಯ್ಯನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಪೊಲೀಸ್ ಹೇಳಿದ: ಹಿಂದಿನ ದಿನ ಉಗರಗೋಳದ ಹತ್ತಿರ ಆ ಗಾಡಿ ಒಬ್ಬ ಮುದುಕಿಗೆ ಬಡಿದಿದೆ. ಓಡಿಸುತ್ತಿದ್ದವನು ಗಾಡಿ ಅಲ್ಲೇ ಬಿಟ್ಟು ಓಡಿಹೋಗಿದ್ದಾನೆ. ಮುದುಕಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾಳೆ.

ಅವಳ ಹೆಸರು ಶಟ್ಟೆವ್ವ. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ರಸ್ತೆ ಬದಿ ಕೂತು ಕಾಯಿ, ಎಲೆ, ಭಂಡಾರದ ಅರಿಸಿನ ಮಾರಿ ಬದುಕುವವಳು. ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದಳು.

ಬಸಯ್ಯ ಪೊಲೀಸರ ಸಂಗಡ ಸವದತ್ತಿಗೆ ಹೋದ. ಠಾಣೆಯ ಅಂಗಳದಲ್ಲಿ ಗಾಡಿ ಮಲಗಿತ್ತು. ಬಣ್ಣ ಬದಲಾಗಿತ್ತು, ಕನ್ನಡಿಗಳಿರಲಿಲ್ಲ. ಸೀಟಿನ ಹಿಂದೆ ಅವನು ಬೆಸೆದ ಕೊಂಡಿಗಳು ಹಾಗೆಯೇ ಇದ್ದವು. ಒಂದಕ್ಕೆ ಸೀರೆಯ ಹಸಿರು ಚೂರು ಸಿಕ್ಕಿಕೊಂಡಿತ್ತು.

ಅವತ್ತು ಸಂಜೆಯ ಹೊತ್ತಿಗೆ ಊರಿನ ಎಲ್ಲರ ಮೊಬೈಲಿನಲ್ಲೂ ಗಾಡಿಯ ಫೋಟೊ ಬಂದಿತ್ತು. ಕೆಳಗೆ ಯಾರೋ ಬರೆದಿದ್ದರು: ಸಂಗೊಳ್ಳಿ ಬಸಯ್ಯನ ಗಾಡಿ ಮುದುಕಿಯನ್ನು ಕೊಂದು ಹಾಕಿತು. ಮೋಟಾರು ಒಯ್ಯಲು ಬರಬೇಕಿದ್ದ ಇಬ್ಬರು ರೈತರು ಮರುದಿನ ಬರಲಿಲ್ಲ. ಮಗಳು ಗಂಡನ ಮನೆಯಿಂದ ಫೋನ್ ಮಾಡಿ, "ಅಪ್ಪಾ, ಇಲ್ಲಿ ಎಲ್ಲಾರೂ ಕೇಳಾಕತ್ತಾರ, ನಾ ಏನು ಹೇಳಲಿ?" ಎಂದು ಅತ್ತಳು.

ಬಸಯ್ಯ ಸಚಿನನ ಅಂಗಡಿಗೆ ಹೋದ. ಸಚಿನ ಕಣ್ಣೆತ್ತಿ ನೋಡಲಿಲ್ಲ.

"ನಾ ಅದನ್ನ ರಾಮದುರ್ಗದ ಒಬ್ಬಾವಗ ಕೊಟ್ಟೆ ಕಾಕಾ. ಅವ ಮತ್ತೊಬ್ಬಗ ಮಾರ್ಯಾನಂತ."

"ನಾ ಸಹಿ ಹಾಕಿ ಕೊಟ್ಟ ಫಾರ್ಮು?"

ಸಚಿನ ಟೇಬಲ್ಲಿನ ಖಾನೆ ಎಳೆದ. ಎರಡೂ ಫಾರ್ಮು ಅಲ್ಲಿಯೇ ಇದ್ದವು. ಕೆಳಗೆ ಬಸಯ್ಯನ ಸಹಿ ಬಿಟ್ಟರೆ ಒಂದಕ್ಷರ ಇರಲಿಲ್ಲ.

"ನೀವರ ಒಮ್ಮೆ ಬಂದು ಕೇಳಬೇಕಿತ್ತಲ್ಲ ಕಾಕಾ," ಅಂದ ಸಚಿನ.

ಓಡಿಸಿದವನು ಹದಿನೈದು ದಿನಕ್ಕೆ ಸಿಕ್ಕ. ಅವನಿಗೆ ಲೈಸೆನ್ಸ್ ಇರಲಿಲ್ಲ. ಅವನ ಮೇಲೆ ಬೇರೆ ಕೇಸಾಯಿತು. ಇಷ್ಟಕ್ಕೆ ತನ್ನದು ಮುಗಿಯಿತು ಎಂದು ಬಸಯ್ಯ ಉಸಿರು ಬಿಟ್ಟಿದ್ದ. ಮುಂದಿನ ತಿಂಗಳು ಶಟ್ಟೆವ್ವನ ಮನೆಯವರು ಹಾಕಿದ ಪರಿಹಾರದ ಕೇಸಿನ ನೋಟಿಸು ಬಂತು. ಅದರಲ್ಲಿ ಗಾಡಿಯ ಮಾಲೀಕ ಎಂದು ಅವನದೇ ಹೆಸರು. ಓದಿಸಲು ಅದನ್ನು ಶೈಲಜಾಳ ಹತ್ತಿರವೇ ಒಯ್ಯಬೇಕಾಯಿತು.

ಶೈಲಜಾ ಹಂಗಿಸಲಿಲ್ಲ. ಓದಿ ಮಡಚಿಟ್ಟಳು.

"ವಿಮಾ ಇದ್ದಿದ್ರ ಕಂಪನಿ ಕೊಡತಿತ್ರಿ ಅಣ್ಣಾರ. ನಾಕು ತಿಂಗಳದಾಗ ಮೂರು ಕೈ ಬದಲಾತು, ಯಾರೂ ವಿಮಾ ತುಂಬಲಿಲ್ಲ. ಯಾಕ ತುಂಬತಾರ? ಹೆಸರು ಅವರದಲ್ಲ. ಈಗ ಕಂಪನಿ ಇಲ್ಲ. ರೊಕ್ಕ ಕೊಡಾಕ ನೀವ ಅದೀರಿ."

"ನಾ ಆ ದಿನ ಇಲ್ಲೇ ಅಂಗಡ್ಯಾಗ ಕುಂತಿದ್ದೆನವಾ. ಮಂದಿ ನೋಡ್ಯಾರ."

"ನೀವು ಓಡಿಸಿಲ್ಲ ಅಂಬೋದು ಎಲ್ಲಾರಿಗೂ ಗೊತ್ತೈತ್ರಿ. ಕೇಸು ಅದಕ್ಕಲ್ಲ."

ಅನ್ನಪೂರ್ಣಾ ಅವತ್ತು ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ಎದ್ದು, "ಆ ಮನಿಗೆ ಒಮ್ಮೆ ಹೋಗಿ ಬರೋಣು," ಎಂದಳು. ದೊಡ್ಡ ಗಾಡಿ ತೆಗೆಯಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಹೋದರು.

ಶಟ್ಟೆವ್ವನ ಮಗಳು ಮಂಜುಳಾ ತಾಯಿ ಕೂಡುತ್ತಿದ್ದ ಜಾಗದಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಗಂಡ ಇಲ್ಲದವಳು. ತಾಯಿ, ತಾನು ಇಬ್ಬರೇ ಇದ್ದ ಮನೆ. ಬಸಯ್ಯ ತನ್ನ ಹೆಸರು ಹೇಳಿದ. ಅವಳು ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ.

"ನೀವು ಹೊಡದಿಲ್ಲ ಅಂತ ಪೊಲೀಸರು ಹೇಳ್ಯಾರ್ರಿ," ಎಂದಳು.

"ಇಲ್ಲವಾ. ನಾ ಗಾಡಿ ಮಾರಿದ್ದೆ."

"ಯಾರಿಗೆ ಮಾರಿದ್ರಿ?"

"ಒಬ್ಬ ಸಚಿನ ಅಂತ. ಅವ ಯಾರಿಗೋ ಕೊಟ್ಟ. ಅವ ಮತ್ತ ಯಾರಿಗೋ..."

"ಯಾರಿಗೆ ಅಂತ ನೀವು ಕೇಳಲಿಲ್ಲ."

"ಇಲ್ಲವಾ."

ಮಂಜುಳಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. "ನಮ್ಮವ್ವ ಮನ್ಯಾಗಿನ ಒಂದು ಕೋಳಿ ಮಾರಿದ್ರೂ ಯಾರಿಗೆ ಕೊಟ್ಟೆ ಅಂತ ನೆನಪಿಡತಿದ್ಲು. ಕೋಳಿ ಯಾರಿಗೂ ಬಡದು ಕೊಲ್ಲಂಗಿಲ್ರಿ."

ಅನ್ನಪೂರ್ಣಾ ತಂದ ಹಣ್ಣಿನ ಚೀಲ ಮುಂದಿಟ್ಟಳು. ಮಂಜುಳಾ ಅದನ್ನು ಮುಟ್ಟಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಗಿರಾಕಿಗಳು ಬಂದರು. ಗಂಡ ಹೆಂಡತಿ ಚೀಲ ಅಲ್ಲೇ ಬಿಟ್ಟು ಬಸ್ಸು ಹತ್ತಿದರು. ನವಿಲುತೀರ್ಥ ದಾಟಿದ ಮೇಲೆ ಬಸಯ್ಯ, "ಎರಡು ಓಣಿ ನಡದ ಹೋಗಿದ್ರ ಆಗತಿತ್ತು," ಎಂದ.

ಕೇಸು ಇನ್ನೂ ನಡೆದಿದೆ. ದೊಡ್ಡ ಗಾಡಿಯನ್ನು ಅವರು ರಾಮದುರ್ಗದ ಶಾಲೆಯ ಮಾಸ್ತರರೊಬ್ಬರಿಗೆ ಮಾರಿದರು. ಈ ಸಲ ಬಸಯ್ಯ ಫಾರ್ಮಿನ ಒಂದೊಂದು ಸಾಲನ್ನೂ ತುಂಬಿಸಿ, ಮಾಸ್ತರರ ಆಧಾರ್ ಪ್ರತಿ ಇಸಕೊಂಡು, ಅವರ ಜೊತೆಗೇ ಆರ್‌ಟಿಒ ಕಚೇರಿಗೆ ಹೋದ. ಹೆಸರು ಬದಲಾಗುವ ತನಕ ಕೀಲಿ ಕೊಡಲಿಲ್ಲ. "ನನ್ನ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನ್ರಿ?" ಎಂದು ಮಾಸ್ತರರು ಸಿಟ್ಟಾದರು. "ನಿಮ್ಮ ಮ್ಯಾಲ ಐತ್ರಿ. ನನ್ನ ಮ್ಯಾಲ ಇಲ್ಲ," ಎಂದ ಬಸಯ್ಯ.

ಸಂಘದ ಮುಂದಿನ ಸಭೆಯಲ್ಲಿ ಅನ್ನಪೂರ್ಣಾ ತಾನೇ ಎದ್ದು ನಿಂತು, ಯಾರ್ಯಾರ ಮನೆಯಲ್ಲಿ ಹಳೆ ಗಾಡಿ ಮಾರಿದ್ದಾರೆ ಎಂದು ಕೇಳಿದಳು. ಶೈಲಜಾ ಒಂದೊಂದೇ ನಂಬರು ಹಾಕಿ ನೋಡಿದಳು. ಹದಿನಾಲ್ಕು ಮನೆಗಳಲ್ಲಿ ಐದು ಮನೆಯ ಮಾರಿದ ಗಾಡಿಗಳು ಇನ್ನೂ ಮಾರಿದವರ ಹೆಸರಿನಲ್ಲೇ ಓಡುತ್ತಿದ್ದವು. ಸಂಘದ ಸತ್ಯವ್ವನ ಮನೆಯದು ಆರು ವರ್ಷದ ಹಿಂದೆ ಮಾರಿದ ಗಾಡಿ. ಮನೆಗೆ ಹೋಗಿ ಹೇಳಿದಾಗ ಅವಳ ಗಂಡ ಮೊದಲು, "ಅಷ್ಟು ವರ್ಷ ಏನೂ ಆಗಿಲ್ಲ, ಇನ್ನೇನು ಆಗತೈತಿ," ಎಂದ. ಬಸಯ್ಯ ತನಗೆ ಬಂದ ನೋಟಿಸು ಒಯ್ದು ಅವನ ಕೈಗಿಟ್ಟ. ಮರುದಿನ ಬೆಳಗ್ಗೆ ಸತ್ಯವ್ವನ ಗಂಡ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಹೋದ.

ಅಕ್ಕಂದಿರೇ, ಅಣ್ಣಂದಿರೇ, ದೊಡ್ಡ ಗಾಡಿ ತಗೊಳ್ಳಿ. ದುಡಿದ ಮಂದಿ ನೀವು, ಸಮುದ್ರ ನೋಡಿ ಬನ್ನಿ. ಆದರೆ ಬರುವ ಗಾಡಿಯ ಕಾಗದಕ್ಕೆ ಎಷ್ಟು ಓಡಾಡುತ್ತೀರೋ, ಹೋಗುವ ಗಾಡಿಯ ಕಾಗದಕ್ಕೂ ಅಷ್ಟೇ ಓಡಾಡಿ. ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ. ಕೊಂಡವರ ಹೆಸರು, ವಿಳಾಸ, ಗಾಡಿ ಕೊಟ್ಟ ದಿನ, ಹೊತ್ತು ಬರೆಯಿಸಿ ಸಹಿ ತಗೊಳ್ಳಿ. ಮಾರಿದ ಹದಿನಾಲ್ಕು ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ರಸೀದಿ ಇಟ್ಟುಕೊಳ್ಳಿ. ವಿಮೆಯೂ ಕೊಂಡವರ ಹೆಸರಿಗೆ ಆಗಬೇಕು. ಅಂಗಡಿಯವರಿಗೆ ಕೊಟ್ಟರೂ ಇದೇ ಮಾತು. ಪರಿಚಯದವರು ಎಂದು ಬಿಡಬೇಡಿ. ಅವರು ಆಗಿದೆ ಎಂದರೂ ಆ್ಯಪ್‌ನಲ್ಲಿ ನೀವೇ ನಂಬರು ಹಾಕಿ ನೋಡಿ. ನೋಡಲು ಬಾರದಿದ್ದರೆ ಓದಿದವರೊಬ್ಬರ ಕೈಗೆ ಮೊಬೈಲು ಕೊಟ್ಟು ನೋಡಿಸಿ.

ನೀವು ಮಾರಿದ ಗಾಡಿ ಈಗ ಯಾವ ರಸ್ತೆಯಲ್ಲಿ ಓಡುತ್ತಿದೆಯೋ ನಿಮಗೆ ಗೊತ್ತಿಲ್ಲ. ಯಾರ ಹೆಸರಿನಲ್ಲಿ ಓಡುತ್ತಿದೆ ಎಂಬುದನ್ನಾದರೂ ಇವತ್ತೇ ತಿಳಿದುಕೊಳ್ಳಿ. ಆ ರಸ್ತೆಯಲ್ಲೂ ಯಾರದೋ ತಾಯಿ ಬುಟ್ಟಿ ಹೊತ್ತು ದಾಟುತ್ತಿರುತ್ತಾಳೆ.