ಅಕ್ಸೋರಿಯಸ್ ಗಂಡ

ಹೆಂಡತಿಯನ್ನು ಪ್ರೀತಿಸುವುದು ಇಂಗ್ಲಿಷಿನಲ್ಲಿ ಒಂದು ದೋಷ ಎಂಬುದು ತಿರ್ಲಾಪುರಕ್ಕೆ ಗೊತ್ತಾದದ್ದು ಎಪ್ಪತ್ನಾಲ್ಕರಲ್ಲಿ. ತಿಳಿಸಿದ ಪುಣ್ಯಾತ್ಮರು ಇಂಗ್ಲಿಷ್ ಮಾಸ್ತರ ಕುಬೇರಪ್ಪನವರು.

ಶಂಭುಲಿಂಗಪ್ಪನ ಹೆಂಡತಿ ನೀಲಕ್ಕ ತುಂಬಿದ ಬಸುರಿ. ಒಲೆಯ ಮುಂದೆ ಕೂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಮ್ಮೆ ಕಾದ ಹಂಚಿನ ಮೇಲೆಯೇ ಬೀಳುವುದರಲ್ಲಿದ್ದಳು. ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಹೆದರಿದ ಶಂಭುಲಿಂಗಪ್ಪ ತಾನೇ ರೊಟ್ಟಿ ಬಡಿಯತೊಡಗಿದ. ಕದ ಹಾಕಿಕೊಂಡೇ ಬಡಿಯುತ್ತಿದ್ದ, ಪಾಪ. ಆದರೆ ನಮ್ಮ ಓಣಿಯಲ್ಲಿ ರೊಟ್ಟಿ ಯಾರ ಕೈಯದೆಂದು ಸಪ್ಪಳದ ಮೇಲೇ ಹೇಳುತ್ತಾರೆ. ಬಳೆಯ ಸದ್ದಿಲ್ಲದ ಆ ಧಪ್ ಧಪ್ ಬೇರೆ ಯಾರದಿದ್ದೀತು?

ಗುಡಿಯ ಕಟ್ಟೆಯ ಮೇಲೆ ಮಾಸ್ತರರು ತೀರ್ಪು ಕೊಟ್ಟರು.

"ಶಂಭುಲಿಂಗಪ್ಪಾ, ನೀ ಅಕ್ಸೋರಿಯಸ್ ಆಗೀಯಪಾ."

ನಮ್ಮೂರಿಗೆ ಇಂಗ್ಲಿಷ್ ಹೆಸರಿನಲ್ಲಿ ಬರುವವು ಎರಡೇ: ರೋಗ ಮತ್ತು ಗೊಬ್ಬರ. ಇದು ಗೊಬ್ಬರವಂತೂ ಅಲ್ಲ.

"ಇದಕ್ಕ ಇಂಜೆಕ್ಷನ್ ಐತೇನ್ರಿ?" ಎಂದ ಪಕ್ಕದ ಹೊಲದ ಹನಮಂತಪ್ಪ.

"ವಿಶೇಷಣಪಾ ಅದು. ಹೆಣ್ತಿ ಮ್ಯಾಲ ಹದ ಮೀರಿ ಪ್ರೀತಿ ಇಟ್ಟಾವಗ ಅಂತಾರ. ಹೊಗಳಿಕಿ ಅಲ್ಲ ಮತ್ತ!"

ಕನ್ನಡದಲ್ಲಿ ಬೈದಿದ್ದರೆ ಶಂಭುಲಿಂಗಪ್ಪ ಎರಡು ಮಾತು ತಿರುಗಿ ಬೈಯುತ್ತಿದ್ದ. ಇಂಗ್ಲಿಷಿಗೆ ಏನನ್ನುವುದು? ಮರುದಿನದಿಂದ ಬೆಳಕು ಹರಿಯುವ ಮೊದಲೇ ಹೊಲಕ್ಕೆ ನಡೆಯತೊಡಗಿದ. ನೀಲಕ್ಕ ಗೋಡೆಗೆ ಬೆನ್ನು ಕೊಟ್ಟು, ಹೊಗೆಯಲ್ಲಿ ಕೆಮ್ಮುತ್ತ, ತಾನೇ ಬಡಿಯತೊಡಗಿದಳು. ಕಟ್ಟೆಯ ಆ ಶಬ್ದ ಅವಳ ಕಿವಿಗೂ ಬಿದ್ದಿತ್ತು. ಊರ ಗಂಡಸರ ಮಾನ ಉಳಿಯಿತು. ನನಗಂತೂ ಮೈ ಉರಿಯಿತು.

ಅಷ್ಟರಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳೆಂದು ಕಾಡುವುದು ನಮ್ಮಲ್ಲಿ ರೂಢಿ. ಪಡಸಾಲೆಯಲ್ಲಿ ಮಾಸ್ತರರ ಜತೆ ಉಣ್ಣಲು ಕೂತ ಗಂಡಸರೂ ಕಿವಿ ನೆಟ್ಟಗೆ ಮಾಡಿದರು. ನೀಲಕ್ಕ ತಲೆ ಎತ್ತಿ ಹೇಳಿದಳು:

"ಬಿಳಿಜ್ವಾಳದ ರೊಟ್ಟಿ, ಬಡದು ಕೊಟ್ರ ಬಿಸಿ ಬಿಸಿ,
ಶಂಭುಲಿಂಗಪ್ಪನವರಿಗೆ ಅಕ್ಸೋರಿಯಸ್ ಅಂದ್ರ ನನಗಿಲ್ಲ ಕಸಿವಿಸಿ!"

ಹೆಂಗಸರು ಹೋ ಎಂದರು. ಮಾಸ್ತರರ ಹೆಂಡತಿ ಮಹಾದೇವಕ್ಕ ಕೇಳಿದಳು, "ಏನಬೇ ಹಂಗಂದ್ರ?"

"ನಿಮ್ಮ ಮನಿಯವರೇ ಕೊಟ್ಟ ಶಬ್ದರೀ ಅಕ್ಕಾರ. ಅವರನ್ನ ಕೇಳ್ರಿ."

ಮಾಸ್ತರರು ಬಾಯಲ್ಲಿದ್ದ ಹೋಳಿಗೆ ನುಂಗಿ, ಸಣ್ಣ ದನಿಯಲ್ಲಿ ಅರ್ಥ ಹೇಳಿದರು.

"ಹೌದ್ರಿ? ಹಂಗಾರ ಕಣ್ಣಿಗಿ ಕತ್ತಲಿ ಬರೂ ಹೆಣ್ತಿ ಕಡಿಂದ ರೊಟ್ಟಿ ಬಡಿಸಿಕೊಂಡು ಉಣ್ಣಾವಗ ಏನಂತಾರ್ರಿ?" ಎಂದಳು ನೀಲಕ್ಕ.

ಮಾಸ್ತರರು ಬಹಳ ಹುಡುಕಿದರು. "ಅದಕ್ಕ ಬ್ಯಾರೆ ಶಬ್ದ ಇಲ್ಲ ಬಿಡವಾ."

"ಇಲ್ಲದೇನ್ರಿ," ಎಂದಳು ಮಹಾದೇವಕ್ಕ. "ಗಂಡ ಅಂತಾರ."

ಶಂಭುಲಿಂಗಪ್ಪ ಊಟ ಬಿಟ್ಟು ಎದ್ದು ಒಳಬಾಗಿಲಿಗೆ ಬಂದ. ಮುಖ ಕೆಂಪಾಗಿತ್ತು, ದನಿ ಮಾತ್ರ ಎಲ್ಲರಿಗೂ ಕೇಳುವಷ್ಟು ದೊಡ್ಡದಿತ್ತು.

"ನಾಳಿಂದ ನೀ ಒಲಿ ಮುಂದ ಕುಂದರಬ್ಯಾಡ. ನಾ ಬಡೀತೀನಿ."

ನೀಲಕ್ಕನ ಕಣ್ಣು ತುಂಬಿ ಬಂತು. ಮಹಾದೇವಕ್ಕ ಅವಳ ಪಕ್ಕದಲ್ಲೇ ಕಾಲು ಚಾಚಿ ಕೂತು, ತನ್ನ ಗಂಡನ ಕಡೆ ನೋಡಿದಳು.

"ನಮ್ಮ ಮನ್ಯಾಗ ಜ್ವಾಳದ ಹಿಟ್ಟು ಎಲ್ಲೈತಿ ಅಂತನಾರ ಗೊತ್ತೈತೇನ್ರಿ ನಿಮಗ?"

ಮಾಸ್ತರರಿಗೆ ಗೊತ್ತಿರಲಿಲ್ಲ.