ಇಪ್ಪತ್ತೆರಡನೆಯ ದಿನ ಒಡೆದ ಮೊಟ್ಟೆ

ನಾನು ಮೊಟ್ಟೆಗಳಿಗೆ ಕಾವು ಕೊಡುವ ಒಂದು ಮರದ ಪೆಟ್ಟಿಗೆ. ನಾಗಮಂಗಲದ ಬಡಗಿ ಶೇಷಾಚಾರ್ ಯಾರದೋ ಮನೆಯ ಕಿಟಕಿಗೆ ತಂದು ಉಳಿದಿದ್ದ ಹಲಸಿನ ಹಲಗೆಯಲ್ಲಿ ನನ್ನನ್ನು ಎರಡೇ ದಿನದಲ್ಲಿ ಜೋಡಿಸಿದರು. ಮುಂದೆ ಗಾಜಿನ ಬಾಗಿಲು, ಒಳಗೆ ನಲವತ್ತು ಕ್ಯಾಂಡಲಿನ ಎರಡು ಬಲ್ಬು, ಮೂಲೆಯಲ್ಲಿ ನೀರಿನ ಬಟ್ಟಲು.

"ಇದನ್ನ ಏನಂತ ಕರೀತೀರಿ ನರ್ಸಮ್ಮ?" ಎಂದು ಅವರು ಕೇಳಿದರು.

"ಹೆರಿಗೆ ವಾರ್ಡು ಅನ್ನಿ ಆಚಾರ್ರೇ," ಎಂದು ಪುಟ್ಟತಾಯಮ್ಮ ನಕ್ಕರು.

ಪುಟ್ಟತಾಯಮ್ಮ ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ಆಗಷ್ಟೇ ನಿವೃತ್ತರಾಗಿದ್ದರು. ಕೈ ಸುಮ್ಮನಿರುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸುವರು, ಥರ್ಮಾಮೀಟರು ನೋಡುವರು, ಬಟ್ಟಲಿಗೆ ನೀರು ತುಂಬುವರು. ಮೊದಲ ಸಲದ ಇಪ್ಪತ್ತೊಂದನೆಯ ದಿನ ಬೆಳಗ್ಗೆ ಒಂದು ಮೊಟ್ಟೆಯಲ್ಲಿ ಕಾಳಿನಷ್ಟು ತೂತು ಬಿತ್ತು. ಒಳಗಿನಿಂದ ಚಿಂವ್ ಚಿಂವ್. ಮಧ್ಯಾಹ್ನವಾದರೂ ತೂತು ದೊಡ್ಡದಾಗಲಿಲ್ಲ. ಪುಟ್ಟತಾಯಮ್ಮನಿಗೆ ತಡೆಯಲಾಗಲಿಲ್ಲ. ಚಿಮಟ ತಂದು ಚಿಪ್ಪನ್ನು ಚೂರು ಚೂರಾಗಿ ಬಿಡಿಸಿದರು. ಪೊರೆಯಿಂದ ರಕ್ತ ಜಿನುಗಿತು. ಮರಿಯ ಹೊಟ್ಟೆಯ ಹೊರಗೆ ಹಳದಿ ಲೋಳೆಯ ಚೀಲ ಇನ್ನೂ ನೇತಾಡುತ್ತಿತ್ತು. ಅದು ಅವರ ಅಂಗೈಯಲ್ಲೇ ತಣ್ಣಗಾಯಿತು.

ಅವರ ಅತ್ತೆ ಕೆಂಪಾಜಮ್ಮ ಜಗುಲಿಯಿಂದ ಎದ್ದು ಬಂದು ನೋಡಿದರು. "ಕೂಗ್ತಾ ಇತ್ತು ಅಂತ ತೆಗೆದುಬಿಟ್ಟೆಯಾ? ಅದು ಉಸಿರಾಡೋದು ಕಲೀತಿತ್ತು ಕಣವ್ವ," ಎಂದರು, ಅಷ್ಟೇ.

ಆಮೇಲೆ ಪುಟ್ಟತಾಯಮ್ಮ ಯಾವ ಮೊಟ್ಟೆಗೂ ಕೈ ಹಾಕಲಿಲ್ಲ. ಬಂದದ್ದು ಬಂತು, ಬರದಿದ್ದದ್ದು ಚಿಪ್ಪಿನೊಳಗೇ ಹೋಯಿತು. ಅಂಥವನ್ನು ಅವರೇ ತೆಂಗಿನ ಬುಡಕ್ಕೆ ಒಯ್ದು ಹೂಳುತ್ತಿದ್ದರು.

ಮೂರನೆಯ ವರ್ಷ ಬೀದಿಯ ಕೋಳಿಗಳಿಗೆಲ್ಲ ರೋಗ ಬಂತು. ಕೆಂಪಾಜಮ್ಮನ ಬೋಳುಕತ್ತಿನ ಹೇಟೆಯೂ ಸತ್ತಿತು. ಮದುವೆಯಾಗಿ ಬರುವಾಗ ತವರಿನಿಂದ ಬುಟ್ಟಿಯಲ್ಲಿ ತಂದ ಕೋಳಿಯ ಸಂತತಿ ಅದು. ಎಪ್ಪತ್ತು ವರ್ಷ ಆ ಅಂಗಳದಲ್ಲಿ ಕೆದಕಿ ತಿಂದಿದ್ದ ವಂಶ. ಅಕ್ಕಿ ಡಬ್ಬದಲ್ಲಿ ಅದರ ಏಳು ಮೊಟ್ಟೆ ಉಳಿದಿದ್ದವು. ಏಳೂ ನನ್ನೊಳಗೆ ಬಂದವು.

ಆ ಹೊತ್ತಿಗೆ ಕೆಂಪಾಜಮ್ಮ ಹಾಸಿಗೆ ಹಿಡಿದಿದ್ದರು. ಮಂಚ ನನ್ನ ಪಕ್ಕದಲ್ಲೇ. ಕರೆಂಟು ಹೋದಾಗಲೆಲ್ಲ ಸೊಸೆ ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿ ನನ್ನೊಳಗೆ ಇಡುತ್ತಿದ್ದರು. "ಬಿಸಿ ಐತಾ?" ಎಂದು ಅತ್ತೆ ಕೇಳುವರು. "ಐತೆ ಅತ್ತೆ."

ಇಪ್ಪತ್ತೊಂದನೆಯ ದಿನ ನಾಲ್ಕು ಮರಿ ಹೊರಬಂದವು. ನಾಲ್ಕಕ್ಕೂ ಕತ್ತಿನ ತುಂಬ ತುಪ್ಪಳ. ಎರಡು ಮೊಟ್ಟೆ ಅಲುಗಲೇ ಇಲ್ಲ. ಏಳನೆಯದರಲ್ಲಿ ತೂತು ಬಿದ್ದಿತ್ತು, ಕೊಕ್ಕು ಕಾಣುತ್ತಿತ್ತು. ಮಾರನೆಯ ದಿನ ಬಿಸಿಲೇರಿದರೂ ಹಾಗೇ ಇತ್ತು. ಮಿಕ್ಕ ಮರಿಗಳನ್ನು ತೆಗೆಯಲು ನನ್ನ ಬಾಗಿಲನ್ನು ಪದೇ ಪದೇ ತೆರೆದಿದ್ದರಿಂದ ಪೊರೆ ಒಣಗಿ ಕಾಗದದ ಹಾಗೆ ಮರಿಗೆ ಅಂಟಿಕೊಂಡಿತ್ತು. ಕೂಗು ಸಣ್ಣಗಾಗುತ್ತಿತ್ತು.

"ಏನ್ ಮಾಡಲಿ ಅತ್ತೆ? ಮೊದಲ ಸಲ ತೆಗೆದು ಕೊಂದೆ. ಈ ಸಲ ಬಿಟ್ಟು ಕೊಲ್ತೀನೇನೋ."

"ಹೆಂಗಸರಿಗೆ ಹೆರಿಗೆ ಮಾಡಿಸುವಾಗ ಯಾರನ್ನ ಕೇಳ್ತಿದ್ದೆ?"

"ಕೈಯಿಟ್ಟು ನೋಡ್ತಿದ್ದೆ."

"ಹಂಗೇ ನೋಡು."

ಪುಟ್ಟತಾಯಮ್ಮ ಹತ್ತಿಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಪೊರೆಯ ಮೇಲೆ ಒತ್ತಿದರು. ತೂತಿನ ಅಂಚನ್ನು ಅಕ್ಕಿಯಷ್ಟು ಎತ್ತಿದರು. ಪೊರೆಯಲ್ಲಿ ಕೂದಲಿನಂಥ ಕೆಂಪು ಗೆರೆ ಕಂಡಿತು. ತಕ್ಷಣ ನಿಲ್ಲಿಸಿ ಮೊಟ್ಟೆಯನ್ನು ಒಳಗಿಟ್ಟು ಬಾಗಿಲು ಹಾಕಿದರು. ಆಮೇಲೆ ನನ್ನ ಮೇಲೆ ಎರಡೂ ಕೈ ಊರಿ ಕೂತರು. ಕೈ ಬಾಗಿಲಿಗೆ ಹೋಗಲಿಲ್ಲ. ಒಲೆಯ ಮೇಲಿನ ಹುರುಳಿಕಾಳು ಸೀದ ವಾಸನೆ ಬಂತು, ಏಳಲಿಲ್ಲ.

ಎರಡು ಗಂಟೆ ಕಳೆದು ಮತ್ತೆ ನೋಡಿದಾಗ ಗೆರೆ ಮಾಸಿತ್ತು. ರಕ್ತವೆಲ್ಲ ಮರಿಯ ಮೈಗೆ ಸೇರಿತ್ತು. ಅಗಲವಾದ ತುದಿಯ ಚಿಪ್ಪನ್ನು ಮಾತ್ರ ಟೋಪಿಯ ಹಾಗೆ ಬಿಡಿಸಿ, ತಲೆಯನ್ನು ಸಡಿಲ ಮಾಡಿ, "ಉಳಿದಿದ್ದು ನಿಂದು ಮಗಾ," ಎಂದು ಒಳಗೆ ಬಿಟ್ಟರು. ಮರಿ ದಣಿದು ಮಲಗಿತು. ಸತ್ತೇಹೋಯಿತೆಂದು ನನಗೂ ಅನಿಸಿತು. ಸಂಜೆಯ ಹೊತ್ತಿಗೆ ಒಂದೇ ಸಲ ಕಾಲು ಝಾಡಿಸಿ ಚಿಪ್ಪನ್ನು ಒದ್ದು ಹೊರಗೆ ಉರುಳಿತು.

ಮೈ ಆರಿದ ಮೇಲೆ ಅದನ್ನು ಅತ್ತೆಯ ಅಂಗೈಗೆ ಕೊಟ್ಟರು. ಮುದುಕಿಗೆ ಕಣ್ಣು ಮಂಜು. ಹೆಬ್ಬೆರಳಿನಿಂದ ಮರಿಯ ಕತ್ತು ಸವರಿದರು. ತುಪ್ಪಳವಿಲ್ಲದ, ಬರಿಯ ಬಿಸಿ ಚರ್ಮ.

"ನಮ್ಮಪ್ಪನ ಮನೇದು," ಎಂದರು. ಬಹಳ ಹೊತ್ತು ಕೆಳಗಿಡಲಿಲ್ಲ.

ಆ ಮರಿ ಬೆಳೆದು ಹೇಟೆಯಾಗಿ ಮೊದಲ ಮೊಟ್ಟೆಯಿಡುವಾಗ ಕೆಂಪಾಜಮ್ಮ ಬದುಕಿರಲಿಲ್ಲ. ಅದರ ಮರಿಗಳು ಬೀದಿಯ ತುಂಬ ಹರಡಿದವು. ಪುಟ್ಟತಾಯಮ್ಮನ ಕಣ್ಣಿಗೆ ಪೊರೆ ಬಂದ ಮೇಲೆ ನನ್ನನ್ನು ಎದುರುಮನೆಯ ಜಬೀನಾಗೆ ಕೊಟ್ಟರು. ಅವಳು ನಾಲ್ಕು ವರ್ಷ ಮರಿ ಮಾಡಿ, ಕೊನೆಗೆ ತಾನಾಗಿಯೇ ಮೊಟ್ಟೆ ಹೊರಳಿಸುವ ಹೊಸ ಮಿಷನ್ನು ತಂದಳು. ನಾನು ಹಿತ್ತಲಿನ ಮಾಡಿನ ಕೆಳಗೆ ಬಂದೆ. ಗಾಜು ಒಡೆದಿದೆ, ಬಲ್ಬುಗಳಿಲ್ಲ.

ಹೋದ ತಿಂಗಳು ಜಬೀನಾಳ ಬೆಕ್ಕು ನನ್ನೊಳಗೆ ಹಳೇ ಗೋಣಿಯ ಮೇಲೆ ಮೂರು ಮರಿ ಹಾಕಿತು. ಯಾರೂ ಕೈಯಿಟ್ಟು ನೋಡಲಿಲ್ಲ, ಅದು ಯಾರನ್ನೂ ಕೇಳಲಿಲ್ಲ. ಅದು ನೆಕ್ಕಿ ನೆಕ್ಕಿ ಮರಿಗಳನ್ನು ಒಣಗಿಸುವುದನ್ನು ನೋಡುತ್ತಾ ಇದ್ದೆ. ನನ್ನ ಹಲಗೆಗಳು ಬಹಳ ದಿನಗಳ ಮೇಲೆ ಬೆಚ್ಚಗಾದವು.