ನೆಲದಡಿಗೆ ಇಳಿದ ರೋಸು

ಹಿಲ್ಡಾಳ ಮೂಗು ಸ್ವಲ್ಪ ಜಾಸ್ತಿಯೇ ಚುರುಕು. ಮಗಳು ಏಂಜೆಲಾಳ ಮದುವೆ ಮುಗಿದು ನೆಂಟರೆಲ್ಲ ಚದುರಿದ ಮೇಲೆ, ಒಂದು ಬೆಳಿಗ್ಗೆ ಹಾಲ್‌ಗೆ ಕಾಲಿಟ್ಟವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಓಯ್, ಇಲ್ಲಿ ಬನ್ನಿ. ಎಂಥದೋ ಹುಳಿ ವಾಸನೆ ಬರ್ತದಲ್ಲಾ?"

"ಮದುವೆ ಮನೆ ಅಲ್ವಾ, ಬರ್ತದೆ," ಎಂದ ಗಂಡ ಆಲ್ಫ್ರೆಡ್, ಪೇಪರಿನಿಂದ ತಲೆ ಎತ್ತದೆ. ಸಂಜೆಯ ಹೊತ್ತಿಗೆ ಅವನೂ ತಲೆ ಎತ್ತಲೇಬೇಕಾಯಿತು.

ಕೊಲ್ಲಿ ದೇಶದ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಅಂಚಿನಲ್ಲಿ ಕಂಪೆನಿ ಕೊಟ್ಟ ಹಲಗೆಯ ಮನೆ ಅವರದು. ಮೊಣಕಾಲೆತ್ತರದ ಸಿಮೆಂಟ್ ಕಂಬಗಳ ಮೇಲೆ ಕೂತ ಮನೆ. ಅಡಿಯಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುವಷ್ಟು ಜಾಗ. ಆ ಜಾಗದ ಸುತ್ತ ಗಿಡ್ಡ ಗೋಡೆ, ಗೋಡೆಯಲ್ಲಿ ಗಾಳಿಯಾಡಲು ಜಾಲರಿಯ ಕಂಡಿಗಳು. ಎಸಿಯ ತಂಪು ಸೋರಿಹೋಗುತ್ತದೆಂದು ಆಲ್ಫ್ರೆಡ್ ಆ ಕಂಡಿಗಳಿಗೆಲ್ಲ ಹಲಗೆ ಹೊಡೆದಿದ್ದ. ತನ್ನ ಈ ಜಾಣತನವನ್ನು ಬಂದವರಿಗೆಲ್ಲ ಹೇಳಿಕೊಳ್ಳುತ್ತಲೂ ಇದ್ದ.

ಇನ್ನು ರೋಸು ಎಂಬ ಶಾಸ್ತ್ರದ ವಿಷಯ. ಮದುವೆಯ ಮುನ್ನಾದಿನ ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯದೆ ಮಂಗಳೂರಿನ ಕೊಂಕಣಿ ಕ್ರಿಸ್ತುವರ ಮದುವೆ ಆದೀತೇ? ಊರಲ್ಲಾದರೆ ಅಂಗಳದಲ್ಲಿ ಚಪ್ಪರ. ಇಲ್ಲಿ ಮೇ ತಿಂಗಳ ಸೆಕೆಯಲ್ಲಿ ಹೊರಗೆ ಕೂತರೆ ಮದುಮಗಳಿಗಿಂತ ಮೊದಲು ಮುದುಕಿಯರು ತಲೆ ತಿರುಗಿ ಬೀಳುತ್ತಾರೆಂದು ಹಾಲ್‌ನಲ್ಲೇ ಸ್ಟೂಲು ಹಾಕಿದರು. ಹೊಯ್ಯುವವರಿಗೆ ಹಿಡಿತವೇ ಇರಲಿಲ್ಲ. ರಜೆ ಸಿಗದೆ ಊರಿನ ಮದುವೆಗಳನ್ನು ತಪ್ಪಿಸಿಕೊಂಡ ದುಃಖವನ್ನೆಲ್ಲ ಒಬ್ಬೊಬ್ಬರೂ ಚೊಂಬಿನಲ್ಲೇ ತೀರಿಸಿಕೊಂಡರು. ಕೆಳಗೆ ಹಾಸಿದ ಪ್ಲಾಸ್ಟಿಕ್ ಚಾಪೆ ತುಂಬಿ, ಹಾಲು ನೆಲದ ಹಲಗೆಗಳ ಸಂದಿಯಲ್ಲಿ ಮಾಯವಾಯಿತು. ಎಲ್ಲಿಗೆ ಹೋಯಿತೆಂದು ಹಾಡಿನ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಗಾಳಿಯಿಲ್ಲದ ಆ ನೆಲದಡಿಯಲ್ಲಿ ಅದು ಹುಳಿತು ಕೂತಿತ್ತು. ಬರುವ ಶುಕ್ರವಾರವೇ ಮದುಮಕ್ಕಳನ್ನೂ ಗಂಡಿನ ಮನೆಯವರನ್ನೂ ಕರೆದು ಊಟ ಹಾಕುವ ಕ್ರಮ. ಬೀಗಿತಿ ಎಲಿಜಬೆತ್ ಬಾಯಿ ಎಂಥವರೆಂದರೆ, ನಿಶ್ಚಿತಾರ್ಥದ ದಿನ ಹೋಟೆಲಿನ ತಟ್ಟೆಯನ್ನೂ ಕರ್ಚೀಫಿನಿಂದ ಒರೆಸಿಕೊಂಡು ಉಂಡವರು. ನಾರುವ ಮನೆಯಿಂದ ಬಂದವಳು ಎಂಬ ಮಾತು ಏಂಜೆಲಾಳಿಗೆ ಅಂಟಿಕೊಂಡರೆ ಮಗು ಜೀವಮಾನವಿಡೀ ತಲೆ ತಗ್ಗಿಸಬೇಕಲ್ಲ! ಹಿಲ್ಡಾಳಿಗೆ ಊಟ ಸೇರಲಿಲ್ಲ.

ಘಾಲಾದಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟಿದ್ದ ಪೂವಪ್ಪ ಗುರುವಾರ ಬಂದ. ಬಂಟ್ವಾಳದ ಕಡೆಯವನು, ಮನೆಯವನ ಹಾಗೆ ಸಲಿಗೆ.

"ಪೊರ್ಬುಲೆ, ನೀವು ಮನೆಯ ಮೂಗನ್ನೇ ಕಟ್ಟಿ ಇಟ್ಟಿದ್ದೀರಲ್ಲ ಮಾರಾಯ್ರೆ!" ಎಂದು ಆಲ್ಫ್ರೆಡ್‌ನನ್ನು ನೋಡಿ ನಕ್ಕ.

ಕಂಡಿಗಳ ಹಲಗೆ ಕಿತ್ತು, ತೆವಳಿಕೊಂಡು ಒಳಗೆ ಹೋಗಿ, ಹುಳಿತ ಮಣ್ಣನ್ನು ಕೆರೆದು ತೆಗೆದ. ಸುಣ್ಣ ಚೆಲ್ಲಿ, ಮೇಲೆ ಪ್ಲಾಸ್ಟಿಕ್ ಶೀಟು ಹಾಸಿದ. ಮೆಟ್ಟಿಲ ಪಕ್ಕದ ಕಂಡಿಗೆ ದೊಡ್ಡದೊಂದು ಫ್ಯಾನ್ ಕೂರಿಸಿದ. "ಇನ್ನು ಒಳಗೆ ಗಾಳಿ ನುಗ್ಗಿಸಿದರೆ ಖಲಾಸ್," ಎಂದು ಸ್ವಿಚ್ ಒತ್ತಿದ.

ಗಾಳಿ ನುಗ್ಗಿತು. ನೆಲದಡಿಯಲ್ಲಿ ಉಳಿದಿದ್ದ ವಾಸನೆಯೆಲ್ಲ ಹಲಗೆಗಳ ಸಂದಿಯಿಂದ ಒಟ್ಟಿಗೇ ಹಾಲ್‌ಗೆ ಎದ್ದುಬಂತು. ಆಲ್ಫ್ರೆಡ್ ಪೇಪರನ್ನೂ ಬಿಟ್ಟು ಹೊರಗೆ ಓಡಿದ.

"ಪೂವಪ್ಪಾ!" ಹಿಲ್ಡಾ ಕಿರುಚಿದಳು. "ಬಂಗುಡೆ ಹುರಿಯುವಾಗ ನಾನು ಅಡುಗೆಮನೆಯ ಫ್ಯಾನನ್ನು ಒಳಗೆ ಬೀಸ್ಲಿಕ್ಕೆ ಹಾಕ್ತೇನಾ? ತಿರುಗಿಸು ಮಾರಾಯ ಅದನ್ನು!"

ಪೂವಪ್ಪ ನಾಲಗೆ ಕಚ್ಚಿಕೊಂಡು ಫ್ಯಾನನ್ನು ತಿರುಗಿಸಿ ಕೂರಿಸಿದ. ಸಮುದ್ರದ ಕಡೆಯ ಜಿಗುಟು ಗಾಳಿ ಒಳಗೆ ಬಾರದಂತೆ ಉಳಿದ ಕಂಡಿಗಳನ್ನು ಮತ್ತೆ ಮುಚ್ಚಿದ. ಈಗ ಹಾಲ್‌ನ ತಂಪು ಒಣಗಾಳಿ ಸಂದಿಗಳಿಂದ ಕೆಳಗಿಳಿದು, ನೆಲದಡಿಯನ್ನು ಆರಿಸುತ್ತ ಫ್ಯಾನಿನ ಮೂಲಕ ಹೊರಗೆ ಹೋಗತೊಡಗಿತು.

"ನೋಡಿದೆಯಾ, ಕಂಡಿ ಮುಚ್ಚಿದ್ದು ಸರಿಯೇ ಇತ್ತು," ಎಂದ ಆಲ್ಫ್ರೆಡ್. ಹಿಲ್ಡಾ ದಿಟ್ಟಿಸಿದ ಮೇಲೆ ಮತ್ತೆ ಪೇಪರ್ ಎತ್ತಿಕೊಂಡ.

ಶುಕ್ರವಾರ ಹಾಲ್‌ನಲ್ಲಿ ಹಂದಿ ಮಾಂಸದ ಮಸಾಲೆ ಮತ್ತು ‘ಸಣ್ಣ’ ಎಂಬ ಮೆತ್ತನೆಯ ಇಡ್ಲಿಗಳ ಪರಿಮಳ ಮಾತ್ರ ಇತ್ತು. ಊಟಕ್ಕೆ ಕರೆಸಿಕೊಂಡ ಪೂವಪ್ಪ ಒಳಗೆ ಕುರ್ಚಿ ಜೋಡಿಸುತ್ತಿದ್ದ. ಹಿಲ್ಡಾ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಳು. ಮದುಮಕ್ಕಳನ್ನೂ ಗಂಡಿನ ಮನೆಯವರನ್ನೂ ಹೊತ್ತ ಕಾರು ಬಂತು. ಎಲಿಜಬೆತ್ ಬಾಯಿ ಇಳಿದು ಮೆಟ್ಟಿಲಿಗೆ ಬಂದವರು ಅಲ್ಲೇ ನಿಂತರು. ಎದುರುಗೊಳ್ಳಲು ಒಂದು ಮೆಟ್ಟಿಲು ಇಳಿದ ಹಿಲ್ಡಾಳ ಮೂಗಿಗೂ ಹುಳಿ ವಾಸನೆ ಬಡಿಯಿತು. ವಾಸನೆ ಮನೆಯಿಂದ ಹೋಗಿತ್ತು ನಿಜ, ಆದರೆ ಹೋದದ್ದು ಮೆಟ್ಟಿಲಿಗೆ! ಇಡೀ ದಿನ ಒಳಗೇ ಇದ್ದವಳಿಗೆ ಅದು ಹೊಳೆದೇ ಇರಲಿಲ್ಲ.

"ಇದು ರೋಸಿನ ಹಾಲಲ್ವಾ?" ಎಂದರು ಎಲಿಜಬೆತ್ ಬಾಯಿ.

ಹಿಲ್ಡಾಳ ಕಣ್ಣು ತುಂಬಿತು. "ಹೌದು ಬಾಯಿ. ನೆಲದಡಿಗೆ ಹೋಗಿತ್ತು. ದಯವಿಟ್ಟು ಮಗುವಿನ ಮೇಲೆ ಎಂಥದೂ ಎಣಿಸಬೇಡಿ."

ಎಲಿಜಬೆತ್ ಬಾಯಿ ಮೆಟ್ಟಿಲು ಹತ್ತಿ ಅವಳ ಕೈ ಹಿಡಿದುಕೊಂಡರು. "ನಮ್ಮ ಖುರುಮಿನ ಫ್ಲಾಟಿನಲ್ಲಿ ಮಗನ ರೋಸು ಕಾರ್ಪೆಟ್ಟಿನ ಅಡಿಗೆ ಹೋಗಿದೆ ಹಿಲ್ಡಾ. ಎಷ್ಟು ತೊಳೆದರೂ ಹೋಗ್ಲಿಲ್ಲ. ಸೊಸೆ ನಮ್ಮನ್ನು ಎಂಥ ಎಣಿಸ್ತಾಳೋ ಅಂತ ನನಗೆ ನಿದ್ರೆ ಇಲ್ಲ."

ಇಬ್ಬರೂ ಏಂಜೆಲಾಳ ಕಡೆ ತಿರುಗಿದರು. ಅವಳ ಮುಖ ಕೆಂಪಾಯಿತು. "ನಾನು... ನಿಮ್ಮ ಮನೆಯಲ್ಲಿ ಯಾವಾಗಲೂ ಹಾಗೇ ಇರ್ತದೆ ಅಂತ ಎಣಿಸಿದ್ದೆ ಮಾಮಿ. ಅದಕ್ಕೇ ಸುಮ್ಮನಿದ್ದೆ."

ಮೊದಲು ನಕ್ಕದ್ದು ಎಲಿಜಬೆತ್ ಬಾಯಿಯೇ. ಹಿಲ್ಡಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ನಗುತ್ತಲೇ ಒಳಗೆ ಕೂಗಿದಳು.

"ಪೂವಪ್ಪಾ, ಇನ್ನೊಂದು ಫ್ಯಾನ್ ಉಂಟಾ? ಊಟ ಆದ ಮೇಲೆ ಖುರುಮಿಗೆ ಹೋಗ್ಲಿಕ್ಕುಂಟು!"